ದೂರ ಅಂದರೆ ಹಳೆಯದು

ನಮಸ್ಕಾರ ಕೇಳುಗರೇ. ಇವತ್ತಿನ ವಿಷಯ ಗಾಮಾ ಕಿರಣ ಸ್ಫೋಟ, ಅಂದರೆ ದೂರದ ಬಾಹ್ಯಾಕಾಶದಿಂದ ಹಠಾತ್ತನೆ ಬಂದು ಮರೆಯಾಗುವ, ಕಣ್ಣಿಗೆ ಕಾಣದ ಪ್ರಬಲ ಕಿರಣಗಳ ಮಿಂಚು. ಹೆಸರು ಕೇಳಿ ರೇಡಿಯೊ ಆಫ್ ಮಾಡಬೇಡಿ, ಸೂತ್ರ ಒಂದೂ ಹೇಳುವುದಿಲ್ಲ. ಒಂದೇ ಮಾತು ನೆನಪಿಡಿ: ದೂರ ಅಂದರೆ ಹಳೆಯದು. ಬೆಳಕು ಎಷ್ಟು ದೂರದಿಂದ ಬಂದಿದೆಯೋ ಅಷ್ಟು ಹಿಂದಿನ ಕಾಲ ಕಾಣುತ್ತದೆ.

ಈ ಸ್ಫೋಟಗಳು ಸಿಕ್ಕಿದ ಕಥೆ ನನಗೆ ಬಹಳ ಇಷ್ಟ. 1963ರಲ್ಲಿ ಅಮೆರಿಕ, ಸೋವಿಯತ್ ಒಕ್ಕೂಟ, ಬ್ರಿಟನ್ ಮೂವರೂ ಸೇರಿ ಬಾಹ್ಯಾಕಾಶದಲ್ಲಿ ಅಣುಬಾಂಬ್ ಸಿಡಿಸುವುದಿಲ್ಲ ಅಂತ ಸಹಿ ಹಾಕಿದರು. ಸಹಿ ಬಿತ್ತು, ನಂಬಿಕೆ ಮಾತ್ರ ಹುಟ್ಟಲಿಲ್ಲ! ಕದ್ದು ಸಿಡಿಸಿದರೆ ಹಿಡಿಯೋಣ ಅಂತ ಅಮೆರಿಕ ವೇಲಾ ಉಪಗ್ರಹಗಳನ್ನು ಕಾವಲಿಗೆ ಹಾರಿಸಿತು. 1967ರ ಜುಲೈ 2ರಂದು ಅವುಗಳಿಗೆ, ಅಣುಬಾಂಬ್ ಸಿಡಿದಾಗಲೂ ಹೊಮ್ಮುವ ಗಾಮಾ ಕಿರಣಗಳು ಬಡಿದವು. ಆಗ ಯಾರಿಗೂ ಗೊತ್ತಾಗಲೇ ಇಲ್ಲ. ಅಮೆರಿಕದ ಅಣ್ವಸ್ತ್ರ ಪ್ರಯೋಗಾಲಯ ಲಾಸ್ ಅಲಮೋಸ್‌ನ ವಿಜ್ಞಾನಿ ರೇ ಕ್ಲೆಬೆಸಡೆಲ್ ಮತ್ತು ಜೊತೆಗಾರರು ಆಮೇಲೆ ಹಳೇ ದಾಖಲೆ ಕೆದಕಿದಾಗ ಸಿಕ್ಕಿತು, ಆದರೆ ಅದರ ಏರಿಳಿತ ಬಾಂಬಿನದ್ದಲ್ಲ. ಮುಂದಿನ ವೇಲಾಗಳಿಗೂ ಇಂಥವು ಸಿಕ್ಕವು. ಯಾವ ಉಪಗ್ರಹಕ್ಕೆ ಮೊದಲು ತಾಗಿತು, ಯಾವುದಕ್ಕೆ ಆಮೇಲೆ ಅಂತ ಲೆಕ್ಕ ಹಾಕಿ ನೋಡಿದರೆ ಭೂಮಿಯಿಂದ ಬಂದದ್ದಲ್ಲ, ಸೂರ್ಯನಿಂದಲೂ ಅಲ್ಲ. 1973ರಲ್ಲಿ ಪ್ರಕಟಿಸಿದರು. ಕಳ್ಳನನ್ನು ಕಾಯಲು ಕೂತವರಿಗೆ ಬ್ರಹ್ಮಾಂಡವೇ ಸಿಕ್ಕಿಬಿತ್ತು!

ವೇಲಾದಲ್ಲೇ ಹೊತ್ತು ಹೋಯಿತು, ಬೇಗ ಹೇಳುತ್ತೇನೆ. 2009ರ ಏಪ್ರಿಲ್ 23ರಂದು ಇಂಥ ಸ್ಫೋಟ ಹುಡುಕುವ ನಾಸಾದ ಸ್ವಿಫ್ಟ್ ಉಪಗ್ರಹಕ್ಕೆ ಸುಮಾರು 10 ಸೆಕೆಂಡಿನ ಸ್ಫೋಟವೊಂದು ಸಿಕ್ಕಿತು. ಆ ಬೆಳಕು ಹೊರಟು 1300 ಕೋಟಿ ವರ್ಷ ಆಗಿತ್ತು. ಈಗ 1380 ಕೋಟಿ ವರ್ಷದ ವಿಶ್ವಕ್ಕೆ ಆಗ ಬರೀ 63 ಕೋಟಿ. ದೂರ ಅಂದರೆ ಹಳೆಯದು, ಅಲ್ವಾ?

ಅಷ್ಟು ಹಿಂದಿನ ಗೆಲಾಕ್ಸಿಗಳು ತೀರಾ ಮಂಕು. ಆದರೆ ಅಲ್ಲೊಂದು ದೈತ್ಯ ನಕ್ಷತ್ರ ಕುಸಿದು ಸಿಡಿದರೆ ಅದೇ ದೀಪ. ಧೂಳು ತುಂಬಿದ ಅಟ್ಟದಲ್ಲಿ ಟಾರ್ಚ್ ಹಾಕಿದರೆ ಧೂಳೂ ಕಾಣುತ್ತದಲ್ಲ, ಹಾಗೆ ಈ ಬೆಳಕು ಹಾದುಬಂದ ಅನಿಲದಲ್ಲಿ ಏನೇನಿತ್ತು ಅಂತಲೂ ತಿಳಿಯುತ್ತದೆ. ಸ್ಫೋಟದ ನಂತರದ ಹೊಳಪು ಬೇಗ ಕುಗ್ಗುವುದರಿಂದ ಕೂಡಲೇ ದೂರದರ್ಶಕ ತಿರುಗಿಸಬೇಕು, ಅಮೆರಿಕದಲ್ಲಿ ಹಗಲಾಗಿದ್ದರೆ ನಮ್ಮ ಸರದಿ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ದೂರದರ್ಶಕವನ್ನು ನಡೆಸುವುದು ಎಲ್ಲಿಂದ ಗೊತ್ತಾ? ನಮ್ಮ ಹೊಸಕೋಟೆಯಿಂದ! ಸ್ಫೋಟ ಅಂದ ಕೂಡಲೇ ಸುಮ್ನೆ ‘ನಮ್ಮ ತಲೆ ಮೇಲೆ ಸಿಡಿದರೆ?’ ಅಂತ ಕೇಳುವ ಬದಲು, ಅದನ್ನು ನೋಡುವವರು ಎಲ್ಲಿದ್ದಾರೆ ಅಂತ ಕೇಳಿ ಸ್ವಾಮಿ.

2025ರ ಮಾರ್ಚ್ 14ರಂದು ಚೀನಾ-ಫ್ರಾನ್ಸ್ ಜೊತೆಯಾಗಿ ಹಾರಿಸಿದ ಸ್ವೋಮ್ ಉಪಗ್ರಹಕ್ಕೆ ಇನ್ನೊಂದು ಸ್ಫೋಟ ಸಿಕ್ಕಿತು, ವಿಶ್ವಕ್ಕೆ 73 ಕೋಟಿ ವರ್ಷವಾಗಿದ್ದಾಗಿನದು. ತಿಂಗಳುಗಳ ನಂತರ ಬಾಹ್ಯಾಕಾಶದಲ್ಲಿರುವ ವೆಬ್ ದೂರದರ್ಶಕ ನೋಡಿದಾಗ, ಆ ನಕ್ಷತ್ರ ಸತ್ತ ರೀತಿ ನಮ್ಮ ಹತ್ತಿರದವು ಸಾಯುವ ಹಾಗೆಯೇ ಕಂಡಿತು. ಬೇರೆ ಥರ ಇರಬಹುದು ಅಂತಲೇ ಬಹಳ ಜನ ಕಾದಿದ್ದರು. ನಮಸ್ಕಾರ.