ಕೋಡ್ ಬಂದಿದ್ದು ಒಂದಕ್ಕೆ, ಸುಳ್ಳು ಹೇಳ್ತಿದ್ದಿದ್ದು ಎರಡು | ಎಕ್ಸಾಸ್ಟ್ ಟೆಂಪರೇಚರ್ ಸೆನ್ಸರ್ ಚೆಕಿಂಗ್

ನಮಸ್ಕಾರ, ಬನ್ನಿ. ಗಾಡಿ ರಾತ್ರಿಯಿಡೀ ನಿಂತಿದೆ, ಇಂಜಿನ್ ಇನ್ನೂ ಸ್ಟಾರ್ಟ್ ಮಾಡಿಲ್ಲ. ಬೇಕಂತಲೇ ಮಾಡಿಲ್ಲ, ಯಾಕೆ ಅಂತ ಹೇಳ್ತೀನಿ. ಸದ್ಯಕ್ಕೆ ಕೀ ಮಾತ್ರ ಆನ್.

ಸ್ಕ್ಯಾನರ್‌ನಲ್ಲಿ ಕಾಣ್ತಿರೋದು ಎಸ್‌ಪಿಎನ್ 3246, ಎಫ್‌ಎಂಐ 3. ಎಸ್‌ಪಿಎನ್ ಅಂದ್ರೆ ತೊಂದರೆ ಎಲ್ಲಿ, ಎಫ್‌ಎಂಐ ಅಂದ್ರೆ ಎಂಥ ತೊಂದರೆ. ಡಿಪಿಎಫ್, ಅಂದ್ರೆ ಮಸಿ ಹಿಡಿಯೋ ಫಿಲ್ಟರ್, ಅದರಿಂದ ಹೊರಗೆ ಬರೋ ಗ್ಯಾಸಿನ ಟೆಂಪರೇಚರ್, ವೋಲ್ಟೇಜ್ ಮಿತಿ ಮೀರಿದೆ. ಇಷ್ಟು ನೋಡಿದ ತಕ್ಷಣ ಸೆನ್ಸರ್ ಆರ್ಡರ್ ಮಾಡೋದು ತಪ್ಪು. ಸೆನ್ಸರ್ ಹೋಗಿದೆ ಅಂತ ಕೋಡ್ ಎಲ್ಲೂ ಹೇಳಿಲ್ಲ. ಸರ್ಕ್ಯೂಟ್ ಎಲ್ಲೋ ತೆರೆದುಕೊಂಡಿದೆ, ಅಂದ್ರೆ ಓಪನ್, ಇಲ್ಲಾ ಹೆಚ್ಚಿನ ವೋಲ್ಟೇಜಿಗೆ ಶಾರ್ಟ್ ಆಗಿದೆ ಅಂತ ಮಾತ್ರ ಹೇಳ್ತಿದೆ.

ಈಗ ಲೈವ್ ಡೇಟಾ. ಹೊರಗಿನ ಗಾಳಿ 27 ಡಿಗ್ರಿ. ಇಂಜಿನ್ ಪೂರ್ತಿ ತಣ್ಣಗಿರುವಾಗ ಪೈಪಿನಲ್ಲಿರೋ ಎಲ್ಲ ಸೆನ್ಸರ್‌ಗಳೂ ಹೆಚ್ಚುಕಮ್ಮಿ ಅಷ್ಟೇ ತೋರಿಸಬೇಕು. ಡಿಒಸಿ, ಅಂದ್ರೆ ಡಿಪಿಎಫ್‌ಗಿಂತ ಮುಂಚೆ ಬರೋ ಕ್ಯಾಟಲಿಸ್ಟ್, ಅದರೊಳಗೆ ಗ್ಯಾಸ್ ಹೋಗೋ ಕಡೆ 27, ಸರಿ. ಡಿಪಿಎಫ್ ಹೊರಗಿನದು ಕೋಡ್ ಇರೋದು, ಅದರ ಅಂಕಿ ಲೆಕ್ಕಕ್ಕಿಲ್ಲ. ಕೋಡ್ ಬಂದ ಮೇಲೆ ಎಷ್ಟೋ ಇಸಿಯುಗಳು, ಅಂದ್ರೆ ಇಂಜಿನ್ ನಡೆಸೋ ಕಂಪ್ಯೂಟರ್‌ಗಳು, ತಮ್ಮದೇ ಒಂದು ಬದಲಿ ಅಂಕಿ ತೋರಿಸ್ತವೆ. ಆದ್ರೆ ಡಿಪಿಎಫ್ ಒಳಗೆ ಹೋಗೋ ಕಡೆಯದನ್ನ ನೋಡಿ. 58! ಅದಕ್ಕೆ ಯಾವ ಕೋಡೂ ಇಲ್ಲ. ಇಂಜಿನ್ ಬಿಸಿ ಮಾಡಿಬಿಟ್ಟಿದ್ರೆ ಇದು ಕಣ್ಣಿಗೇ ಬೀಳ್ತಿರಲಿಲ್ಲ.

ಮೊದಲು ಕೋಡ್ ಇರೋದನ್ನ ಮುಗಿಸೋಣ. ಕನೆಕ್ಟರ್ ಬಿಚ್ಚಿದೆ, ಹಾರ್ನೆಸ್ ಕಡೆ, ಅಂದ್ರೆ ಗಾಡಿಯ ವೈರಿಂಗ್ ಕಡೆ, ಎರಡು ಪಿನ್ ಮಧ್ಯೆ 5 ವೋಲ್ಟ್ ಹತ್ತಿರ ಇದೆ. ಎರಡನ್ನೂ ಸಣ್ಣ ಜಂಪರ್‌ನಿಂದ ಸೇರಿಸಿದೆ, ಎಫ್‌ಎಂಐ 3 ಹೋಗಿ 4 ಆಯ್ತು, ಈಗ ವೋಲ್ಟೇಜ್ ತೀರಾ ಕಮ್ಮಿ ಅಂತಿದೆ. ಅಂದ್ರೆ ವೈರೂ ಸರಿ, ಇಸಿಯುವೂ ಸರಿ. ಈಗ ಸೆನ್ಸರ್‌ಗೆ ಮೀಟರ್ ಇಟ್ಟರೆ ಓಪನ್. ಇದನ್ನ ಬದಲಾಯಿಸಲೇಬೇಕು.

ಒಂದು ಎಚ್ಚರಿಕೆ. ಇದು ಪಿಟಿ200, ಪ್ಲಾಟಿನಂ. ಬಿಸಿ ಏರಿದಂತೆ ರೆಸಿಸ್ಟೆನ್ಸ್ ಏರುತ್ತೆ, 0 ಡಿಗ್ರಿಗೆ 200 ಓಮ್, ಆಮೇಲೆ ಡಿಗ್ರಿಗೆ ಸುಮಾರು 0.77 ಓಮ್. ನಿಮ್ಮ ಗಾಡಿಯಲ್ಲಿ ಎನ್‌ಟಿಸಿ ಅನ್ನೋ ಜಾತಿಯ ಸೆನ್ಸರ್ ಇದ್ದರೆ ಎಲ್ಲ ಉಲ್ಟಾ, ಬಿಸಿ ಏರಿದಂತೆ ರೆಸಿಸ್ಟೆನ್ಸ್ ಇಳಿಯುತ್ತೆ. ತಣ್ಣಗಿರುವಾಗ ಅದರ ರೆಸಿಸ್ಟೆನ್ಸ್ ಎಷ್ಟು ಜಾಸ್ತಿ ಅಂದ್ರೆ ಸಾಧಾರಣ ಮೀಟರ್ ಓಪನ್ ಅಂತಲೇ ತೋರಿಸಬಹುದು. ಹಾಗೆ ಒಳ್ಳೇ ಸೆನ್ಸರ್‌ಗಳನ್ನ ಎಸೆದುಬಿಡ್ತಾರೆ. ಬಿಸಿಗೆ ತಾನೇ ಸಣ್ಣ ವೋಲ್ಟೇಜ್ ಕೊಡೋ ಥರ್ಮೋಕಪಲ್ ಜೊತೆ ಮಾಡ್ಯೂಲ್ ಇದ್ದರೆ ಓಮ್ ಪರೀಕ್ಷೆಯೂ ಬೇಡ, ಈ ಜಂಪರ್ ಆಟವೂ ಬೇಡ.

ಸರಿ, ಆ 58ಕ್ಕೆ ಬರೋಣ. ಇವತ್ತಿನ ಅಸಲಿ ಕೆಲಸ ಇದೇ. ಸೆನ್ಸರ್ ಬಿಡಿಯಾಗಿ ಅಳೆದರೆ 221 ಓಮ್, 27 ಡಿಗ್ರಿಗೆ ಬರಬೇಕಾದ್ದೇ ಅಷ್ಟು. ಮತ್ತೆ ಜೋಡಿಸಿ ಇಸಿಯು ಕಡೆಯ ಪ್ಲಗ್‌ನಿಂದ ಅಳೆದರೆ 245. ಮಧ್ಯದಲ್ಲಿ 24 ಓಮ್ ಎಲ್ಲಿಂದ ಬಂತು? ಕ್ಯಾಮೆರಾ ಹತ್ತಿರ ತರ್ತೀನಿ, ಇಲ್ಲಿ, ಹಸಿರು ಕಟ್ಟಿದ ಪಿನ್. ಸೀಲ್ ಸರಿದಿದೆ, ನೀರು ಒಳಗೆ ಹೋಗಿದೆ. 24 ಓಮ್ ಅಂದ್ರೆ ತಣ್ಣಗಿರುವಾಗ 31 ಡಿಗ್ರಿ ಸುಳ್ಳು. ಬಿಸಿ ಏರಿದಂತೆ ಡಿಗ್ರಿಗೆ ಏರೋ ಓಮ್ ಕಮ್ಮಿಯಾಗುತ್ತೆ, ಹಾಗಾಗಿ 600 ಡಿಗ್ರಿ ಹತ್ತಿರ ಹೋದ್ರೆ ಸುಮಾರು 37 ಡಿಗ್ರಿ. ರೀಜನ್, ಅಂದ್ರೆ ಫಿಲ್ಟರಿನ ಮಸಿ ಸುಡೋ ಕೆಲಸ, ಆಗುವಾಗ ಡಿಪಿಎಫ್ 600 ಮುಟ್ಟಿತು ಅಂತ ಇಸಿಯು ಡೀಸೆಲ್ ಕಮ್ಮಿ ಮಾಡುತ್ತೆ, ಒಳಗೆ ನಿಜಕ್ಕೂ ಇರೋದು 563. ಮಸಿ ನಿಧಾನಕ್ಕೆ ಸುಡುತ್ತೆ, ಪೂರ್ತಿ ಸುಡಲ್ಲ, ರೀಜನ್ ಪದೇ ಪದೇ ಕೇಳುತ್ತೆ. ಆಮೇಲೆ ಬೈಗುಳ ತಿನ್ನೋದು ಫಿಲ್ಟರ್. ಇದೆಲ್ಲ ಕೋಡ್ ಇಲ್ಲದೇನೇ ಆಗೋದು, ಅದೇ ನನಗೆ ಸಿಟ್ಟು ಬರೋದು.

ಆ ಪಿನ್ನಿಗೆ ಮೀಟರಿನ ದಪ್ಪ ಮೊನೆ ತುರುಕಬೇಡಿ. ಟರ್ಮಿನಲ್ ಅಗಲ ಆದ್ರೆ ಹೊಸ ತೊಂದರೆ ನಾವೇ ಮಾಡಿಟ್ಟ ಹಾಗೆ. ವೈರಿಗೆ ಸೂಜಿ ಚುಚ್ಚೋದಂತೂ ಬೇಡವೇ ಬೇಡ, ಆ ತೂತಿನಿಂದಲೇ ನಾಳೆ ನೀರು ಇಳಿಯುತ್ತೆ. ಟರ್ಮಿನಲ್, ಸೀಲ್ ಎರಡೂ ಹೊಸದು ಹಾಕಿದೆ. ಈಗ 28 ತೋರಿಸ್ತಿದೆ. ಸಾಕು.

ಮೂರೂ ಸೆನ್ಸರ್ ಒಂದೇ ಮಾಡ್ಯೂಲ್‌ಗೆ ಸೇರಿ ಬರೋ ಗಾಡಿಗಳಿವೆ, ಒಂದು ಹೋದ್ರೆ ಪೂರ್ತಿ ಸೆಟ್ ಬದಲಾಯಿಸಬೇಕು. ಕೆಟ್ಟ ಡಿಸೈನ್. ಅಲ್ಲ, ಇಂಥ ಹಸಿರು ಪಿನ್ ನೋಡಿದ ಮೇಲೆ ಪೂರ್ತಿ ಕೆಟ್ಟದ್ದು ಅನ್ನೋಕೆ ಆಗಲ್ಲ, ಕನೆಕ್ಟರ್ ಆದ್ರೂ ಕಮ್ಮಿ.

ಹಳೇ ಸೆನ್ಸರ್ ಬಿಚ್ಚುವಾಗ ನಟ್ಟಿನ ಜೊತೆ ವೈರೂ ತಿರುಗ್ತಿದೆ ನೋಡಿ, ಅಂದ್ರೆ ನಟ್ ಪ್ರೋಬಿಗೆ ಅಂಟಿದೆ. ಇದು ಹೇಗಿದ್ರೂ ಹೋಗಿರೋದು, ಪರವಾಗಿಲ್ಲ. ಚೆನ್ನಾಗಿರೋ ಸೆನ್ಸರ್ ಆದ್ರೆ ಅಲ್ಲೇ ನಿಲ್ಲಿಸಿ ತುಕ್ಕು ಬಿಡಿಸೋ ಎಣ್ಣೆ ಬಿಟ್ಟು ಕಾಯಿರಿ. ಹೊಸದಕ್ಕೆ ನಿಕ್ಕಲ್ ಆಂಟಿ-ಸೀಜ್, ಅಂದ್ರೆ ಥ್ರೆಡ್ ಹಿಡಿದುಕೊಳ್ಳದ ಹಾಗೆ ಹಚ್ಚೋ ಪೇಸ್ಟ್, ಥ್ರೆಡ್ಡಿಗೆ ಮಾತ್ರ, ತುದಿಗೆ ತಾಗಬಾರದು. ಟಾರ್ಕ್ ಆ ಇಂಜಿನಿನ ಮ್ಯಾನುವಲ್‌ನಲ್ಲಿರೋಷ್ಟೇ. ಪ್ರೋಬಿನ ಬುಡದಲ್ಲೇ ವೈರ್ ಮಡಚಬೇಡಿ.

ಸ್ಟಾರ್ಟ್ ಮಾಡಿದೆ. ಮೊದಲು ಡಿಒಸಿ ಒಳಗಿನದು ಏರಬೇಕು, ಆಮೇಲೆ ಡಿಪಿಎಫ್ ಒಳಗಿನದು, ಹೊರಗಿನದು ತಡವಾಗಿ, ಯಾಕಂದ್ರೆ ಡಿಪಿಎಫ್‌ನಲ್ಲಿರೋ ಸೆರಾಮಿಕ್ ಇಟ್ಟಿಗೆ ಮೊದಲು ಬಿಸಿ ಹೀರಿಕೊಳ್ಳುತ್ತೆ. ಹೊರಗಿನದು ಮೊದಲು ಏರಿದ್ರೆ ಎರಡು ಕನೆಕ್ಟರ್ ಅದಲುಬದಲಾಗಿವೆ. ಇನ್‌ಫ್ರಾರೆಡ್ ಗನ್ನಿನಿಂದ ಹೋಲಿಸಬೇಡಿ, ಅದು ತಗಡಿನ ಬಿಸಿ ತೋರಿಸುತ್ತೆ, ಗ್ಯಾಸಿನದಲ್ಲ.

120, 95, 41. ಕ್ರಮ ಸರಿ ಇದೆ. ಕೋಡ್ ಅಳಿಸ್ತಿದ್ದೀನಿ, ಬ್ಯಾಟರಿ ಕೆಂಪು ತೋರಿಸ್ತಿದೆ, ಕ್ಯಾಮೆರಾ ಆಫ್ ಮಾಡ್ತೀನಿ.