ರೋಬಸ್ಟಾ ರೆಂಬೆ ಮತ್ತು ಒಂದು ರೆಸಿಸ್ಟರ್

ಕೇಳುಗರಿಗೆ ನಮಸ್ಕಾರ.

ಕಾಫಿ ಕೊಯ್ಯುವುದನ್ನು ನೀವೆಲ್ಲ ನೋಡಿದ್ದೀರಿ. ಎತ್ತರದ ರೋಬಸ್ಟಾ ರೆಂಬೆಯನ್ನು ಬಗ್ಗಿಸಿ ಹಿಡಿದು ಹಣ್ಣು ಬಿಡಿಸುತ್ತಾರೆ. ಕೈಬಿಟ್ಟರೆ ರೆಂಬೆ ತಾನಾಗಿ ಮೇಲೇಳುತ್ತದೆ. ಬಗ್ಗಿಸಲು ಆಳು ಬೇಕು, ಏಳಲು ಬೇಡ. ಚಿಪ್ಪಿನ ತಂತಿಯ ವೋಲ್ಟೇಜನ್ನು ಮೇಲಕ್ಕೆಳೆದು ಹಿಡಿಯುವ ಪುಲ್-ಅಪ್ ರೆಸಿಸ್ಟರ್ ಮಾಡುವುದು ಆ ರೆಂಬೆಯ ಕೆಲಸವನ್ನೇ.

ಸಿದ್ದಾಪುರದ ಕಡೆಯ ಒಂದು ತೋಟ. ಮಾರ್ಚ್ ತಿಂಗಳು. ಹೂಮಳೆ ಬಂದಿಲ್ಲ, ಮೊಗ್ಗು ನೀರಿಗೆ ಕಾಯುತ್ತಿದೆ, ಸ್ಪ್ರಿಂಕ್ಲರ್ ಓಡಲೇಬೇಕು. ಕೆರೆಯ ನೀರಿನ ಮಟ್ಟ ನೋಡಿ ಮೋಟಾರು ಹಾಕುವ ಹಳೆಯ ಬೋರ್ಡು ಒಮ್ಮೆ ಮಾತು ಕೇಳುತ್ತಿತ್ತು, ಒಮ್ಮೆ ಇಲ್ಲ. ತೋಟದವರು ರಿಲೇ ಬದಲಿಸಿದ್ದರು, ವೈರೂ ಬದಲಿಸಿದ್ದರು. ನಾನು ಹೋಗಿ ಮೀಟರ್ ಇಟ್ಟೆ. ಮೊದಲ ಚಿಪ್ 74ಎಲ್‌ಎಸ್ ಜಾತಿಯ ಟಿಟಿಎಲ್, ಅಂದರೆ ಹಳೆಯ ಬಗೆಯ ಟ್ರಾನ್ಸಿಸ್ಟರ್ ಚಿಪ್. ಅದರ ‘ಹೈ’, ಅಂದರೆ ‘ಹೌದು’ ಎನ್ನುವ ಸಂಕೇತ, 3.3 ವೋಲ್ಟ್. ಅದನ್ನು ಕೇಳಿಸಿಕೊಳ್ಳಬೇಕಾದ ಮುಂದಿನ ಚಿಪ್ 4000 ಸರಣಿಯ ಸಿಮಾಸ್, ಇನ್ನೊಂದು ಬಗೆಯದು. 5 ವೋಲ್ಟಿನಲ್ಲಿ ಓಡುವಾಗ, ಖಚಿತವಾಗಿ ‘ಹೈ’ ಎಂದು ಗುರುತಿಸಲು ಅದಕ್ಕೆ 3.5 ವೋಲ್ಟ್ ಬೇಕು. ಎರಡು ಚಿಪ್ಪೂ ಸರಿಯಾಗೇ ಇದ್ದವು. ನಡುವೆ 0.2 ವೋಲ್ಟ್ ಕೊರತೆ, ಅಷ್ಟೆ.

ಹಳದಿ, ನೇರಳೆ, ಕೆಂಪು ಪಟ್ಟೆಯ ರೆಸಿಸ್ಟರ್ ತೆಗೆದುಕೊಂಡೆ, 4.7 ಕಿಲೋ ಓಮ್. ಒಂದು ಕಾಲನ್ನು ಟಿಟಿಎಲ್ ಔಟ್‌ಪುಟ್‌ಗೆ, ಇನ್ನೊಂದನ್ನು 5 ವೋಲ್ಟ್ ಲೈನಿಗೆ ಬೆಸುಗೆ ಹಾಕಿದೆ. ಮೀಟರ್ ಹತ್ತಿರ ಹತ್ತಿರ 5 ತೋರಿಸಿತು. ರಿಲೇ ಟಕ್ ಎಂದಿತು, ಕೆರೆಯ ಬದಿಯಲ್ಲಿ ಮೋಟಾರು ಓಡಿತು.

ಟಿಟಿಎಲ್ ಒಳಗಿನ ಮೇಲಿನ ಟ್ರಾನ್ಸಿಸ್ಟರ್ ಸುಮಾರು 3.3 ವೋಲ್ಟ್‌ವರೆಗೆ ಎತ್ತಿ ಕೈಬಿಡುತ್ತದೆ. ಉಳಿದದ್ದನ್ನು ರೆಸಿಸ್ಟರ್ ಎತ್ತುತ್ತದೆ. ‘ಲೋ’ ಆಗಬೇಕಾದಾಗ ಕೆಳಗಿನ ಟ್ರಾನ್ಸಿಸ್ಟರ್ ಸುಮಾರು 1 ಮಿಲಿಆಂಪಿಯರ್ ಹೆಚ್ಚಿಗೆ ಎಳೆಯಬೇಕು. ಎಲ್‌ಎಸ್ ಚಿಪ್ಪಿಗೆ 8ರವರೆಗೂ ಶಕ್ತಿಯಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು, ವಿದ್ಯಾರ್ಥಿಗಳು ಗಮನವಿಟ್ಟು ಕೇಳಿ. ಇಎಸ್‌ಪಿ32, ರಾಸ್ಪ್‌ಬೆರಿ ಪೈ ಇಂಥ ಪುಟ್ಟ ಕಂಪ್ಯೂಟರ್ ಬೋರ್ಡುಗಳ 3.3 ವೋಲ್ಟ್ ಪಿನ್ನಿಗೆ ಇದೇ ಉಪಾಯ ಮಾಡಬೇಡಿ. ಅಲ್ಲಿ ಮೇಲಿನ ಟ್ರಾನ್ಸಿಸ್ಟರ್ ಕೈಬಿಡುವುದೇ ಇಲ್ಲ. ವೋಲ್ಟೇಜ್ 3.3ರಲ್ಲೇ ನಿಲ್ಲುತ್ತದೆ, ಕರೆಂಟು ಪಿನ್ನಿನೊಳಕ್ಕೆ ಹಿಮ್ಮುಖವಾಗಿ ಹರಿಯುತ್ತದೆ. ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್ ಹಾಕಿ, ಅದರ ಔಟ್‌ಪುಟ್ ಕಾಲಾದ ಕಲೆಕ್ಟರಿಗೆ ಪುಲ್-ಅಪ್ ಕೊಡಿ. ಇನ್‌ಪುಟ್ ಕಾಲಾದ ಬೇಸ್‌ಗೂ ಒಂದು ರೆಸಿಸ್ಟರ್ ಬೇಕು. ಸಂಕೇತ ತಲೆಕೆಳಗಾಗುತ್ತದೆ, ಪ್ರೋಗ್ರಾಮಿನಲ್ಲಿ ಸರಿಮಾಡಿಕೊಳ್ಳಬಹುದು. ಇಲ್ಲವೇ 74ಎಚ್‌ಸಿಟಿ ಚಿಪ್ ಬಳಸಿ, ಅದಕ್ಕೆ 2 ವೋಲ್ಟೇ ‘ಹೈ’.

ಇನ್ನು ರೆಸಿಸ್ಟರಿನ ಬೆಲೆ, ಅಂದರೆ ಓಮ್ ಲೆಕ್ಕ. ಬಹಳ ಕಡಿಮೆಯಾದರೆ ಬಿರುಸಾದ ರೆಂಬೆಯಂತೆ, ಬಗ್ಗಿಸುವ ಕೈಗೆ ಭಾರ. ಬಹಳ ಹೆಚ್ಚಾದರೆ ಏಳುವುದು ನಿಧಾನ. ನಮ್ಮ ಕೊಡಗಿನಲ್ಲಿ ಇದಕ್ಕೆ ಮಳೆಯೂ ಸೇರುತ್ತದೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಗೋಡೆಗಳೇ ಬೆವರುವಾಗ ಬೋರ್ಡಿನ ಮೇಲಿನ ಧೂಳೂ ತೇವ ಹಿಡಿಯುತ್ತದೆ. ಆ ತೇವ ಗ್ರೌಂಡಿಗೆ 200 ಕಿಲೋ ಓಮಿನ ದಾರಿ ಮಾಡಿತು ಅನ್ನಿ. ಕಲೆಕ್ಟರಿನಲ್ಲಿ 100 ಕಿಲೋ ಓಮ್ ಪುಲ್-ಅಪ್ ಇದ್ದರೆ ‘ಹೈ’ ಮತ್ತೆ 3.3 ವೋಲ್ಟಿಗೇ ಇಳಿಯುತ್ತದೆ. 4.7 ಕಿಲೋ ಇದ್ದರೆ 4.8ಕ್ಕಿಂತ ಮೇಲೆಯೇ ನಿಲ್ಲುತ್ತದೆ. ಜೂನ್ ಹಿಡಿಯುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಬೋರ್ಡಿನ ಧೂಳನ್ನು ಬ್ರಷ್‌ನಿಂದ ಒರೆಸಿಡಿ.

ನಮಸ್ಕಾರ.