ಒಂದೇ ಕಡೆಯೋ, ಎರಡೂ ಕಡೆಯೋ?

ಕೇಳುಗರಿಗೆ ನಮಸ್ಕಾರ.

ನೆಲ ಒರೆಸಲು ಬಗ್ಗಿದಾಗಲೆಲ್ಲ ಮೂಗಿನಿಂದ ತೊಟತೊಟನೆ ನೀರು ಬೀಳುತ್ತದೆ ಎನ್ನುತ್ತ ಮಧ್ಯವಯಸ್ಸಿನ ಮಹಿಳೆಯೊಬ್ಬರು ನನ್ನ ಬಳಿ ಬಂದಿದ್ದರು. ಎರಡು ವರ್ಷ ಅಲರ್ಜಿಯ ಮಾತ್ರೆ ನುಂಗಿದ್ದರು. ನಾನು ಮೊದಲು ಕೇಳಿದ್ದು ಇಷ್ಟೇ: ‘ಎರಡೂ ಹೊಳ್ಳೆಗಳಿಂದಲೋ, ಒಂದರಿಂದಲೋ?’ ‘ಬಲಗಡೆ ಮಾತ್ರ, ಡಾಕ್ಟರೇ. ಗಂಟಲಿಗಿಳಿದರೆ ಉಪ್ಪುಪ್ಪಾಗಿರುತ್ತದೆ’ ಎಂದರು.

ಕಿವಿ, ಮೂಗು, ಗಂಟಲಿನ ವೈದ್ಯರಿಗೆ ‘ಒಂದೇ ಕಡೆ’ ಎಂಬ ಮಾತು ಬಿದ್ದರೆ ಮೈಯೆಲ್ಲ ಎಚ್ಚರ. ನೆಗಡಿ, ಅಲರ್ಜಿ ಸಾಮಾನ್ಯವಾಗಿ ಎರಡೂ ಹೊಳ್ಳೆಗಳನ್ನು ಹಿಡಿಯುತ್ತವೆ. ಇವರ ಮೂಗಿನಿಂದ ಸೋರುತ್ತಿದ್ದುದು ಸಿಂಬಳವೇ ಅಲ್ಲ. ಮಿದುಳನ್ನು ಸುತ್ತುವರಿದು ಕಾಯುವ ದ್ರವ. ಮೂಗಿನ ಚಾವಣಿಯ ಮೂಳೆ ಬಹಳ ತೆಳು. ಅದು ಬಿರುಕು ಬಿಟ್ಟು, ಮೇಲಿನ ಪೊರೆಯೂ ಹರಿದರೆ ದ್ರವಕ್ಕೆ ದಾರಿಯಾಗುತ್ತದೆ. ದೇಹ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವವನ್ನು ತಯಾರಿಸುವುದರಿಂದ ಸೋರಿದ್ದು ತುಂಬಿಕೊಳ್ಳುತ್ತದೆ. ಭಯವಿರುವುದು ಬೇರೆ ಕಡೆ: ದ್ರವ ಇಳಿಯುವ ದಾರಿಯಲ್ಲೇ ಸೋಂಕು ಮೇಲೇರಿ ಮಿದುಳುಪೊರೆಗೆ ಉರಿಯೂತ ತರಬಹುದು. ಹಳೆಯ ವೈದ್ಯರು ರೋಗಿಯ ಕರವಸ್ತ್ರ ನೋಡುತ್ತಿದ್ದರು. ಸಿಂಬಳ ಒಣಗಿದರೆ ಬಟ್ಟೆ ಗಂಜಿ ಹಾಕಿದಂತೆ ಬಿರುಸಾಗುತ್ತದೆ, ಈ ದ್ರವ ಒಣಗಿದರೆ ಹಾಗಾಗದು. ಈಗ ನಾವು ಬೀಟಾ-2 ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನನ್ನು ಹುಡುಕುತ್ತೇವೆ. ಸಿಂಬಳದಲ್ಲಿ ಅದು ಇರುವುದಿಲ್ಲ. ಸ್ಕ್ಯಾನ್‌ನಲ್ಲಿ ತೂತು ಕಂಡಿತು. ತಲೆಬುರುಡೆ ತೆರೆಯದೆ, ಮೂಗಿನೊಳಗಿನಿಂದಲೇ ಎಂಡೋಸ್ಕೋಪ್ ತೂರಿಸಿ ಅವರದೇ ದೇಹದ ಅಂಗಾಂಶದಿಂದ ಅದನ್ನು ಮುಚ್ಚಿದೆವು.

ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಕೀವು ಬಂದರೆ ಒಳಗೇನೋ ಸಿಕ್ಕಿಕೊಂಡಿದೆ ಎಂದೇ ತಿಳಿಯಿರಿ. ಮಣಿ, ಸ್ಪಂಜಿನ ಚೂರು, ಕಾಳು. ವರ್ಷಗಟ್ಟಲೆ ಉಳಿದದ್ದರ ಸುತ್ತ ಲವಣಗಳು ಕಟ್ಟಿ ಕಲ್ಲೇ ಆಗುವುದುಂಟು. ಅಂಥ ಕಲ್ಲಿಗೆ ಅವಸರವಿಲ್ಲ, ಬಟನ್ ಬ್ಯಾಟರಿಗೆ ಮಾತ್ರ ಒಂದು ಗಳಿಗೆಯೂ ಕಾಯುವಂತಿಲ್ಲ. ತೇವ ತಗುಲಿದೊಡನೆ ವಿದ್ಯುತ್ ಹರಿದು, ಕ್ಷಾರ ಹುಟ್ಟಿ, ಕೆಲವೇ ಗಂಟೆಗಳಲ್ಲಿ ಹೊಳ್ಳೆಗಳ ನಡುಗೋಡೆಯನ್ನು ಅದು ಸುಡಬಲ್ಲದು. ತಂದೆತಾಯಂದಿರೇ, ಮೂಗಿಗೆ ಹನಿ ಹಾಕಬೇಡಿ, ಚಿಮಟ ಹಿಡಿಯಬೇಡಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಿ.

ಇನ್ನು ಕಿವಿ. ಒಳಗೆಲ್ಲ ಸ್ವಚ್ಛ, ತಮಟೆಯೂ ಸರಿಯಾಗಿದೆ, ಆದರೂ ಒಂದು ಕಿವಿಯ ನೋವು ವಾರಗಟ್ಟಲೆ ಬಿಟ್ಟಿಲ್ಲ ಎಂದರೆ ನಾನು ಬಾಯಿ ತೆರೆಸಿ ನಾಲಿಗೆಯ ಬುಡ ನೋಡುತ್ತೇನೆ. ಒಂದೇ ನರದ ಕವಲುಗಳು ಗಂಟಲಿಗೂ ಕಿವಿಗೂ ಹೋಗುವುದರಿಂದ ಗಂಟಲಿನ ಗೆಡ್ಡೆಯ ನೋವು ಕಿವಿಯಲ್ಲಿ ಕಾಣಿಸಿಕೊಳ್ಳಬಹುದು.

ನಾನು ಎಂದೂ ಮರೆಯದ ರೋಗಿ ಒಬ್ಬ ಯುವಕ. ‘ನನ್ನ ಕಣ್ಣುಗುಡ್ಡೆ ಹೊರಳುವ ಸದ್ದು ಎಡಗಿವಿಗೆ ಕೇಳಿಸುತ್ತದೆ’ ಎಂದ. ಇದು ಮನಸ್ಸಿನ ಕಾಯಿಲೆಯೆಂದು ಮನೆಯವರು ನಂಬಿಬಿಟ್ಟಿದ್ದರು. ಒಳಗಿವಿಯಲ್ಲಿ ಸಮತೋಲ ಕಾಯುವ ಮೂರು ಅರ್ಧವೃತ್ತ ನಾಳಗಳಿವೆ. ಮೇಲಿನ ನಾಳದ ಮೂಳೆಯ ಹೊದಿಕೆಯಲ್ಲಿ ತೂತಿದ್ದರೆ ದೇಹದೊಳಗಿನ ಸದ್ದುಗಳು ದೊಡ್ಡದಾಗಿ ಕೇಳಿಸಬಹುದು, ಜೋರು ಶಬ್ದಕ್ಕೆ ತಲೆ ಸುತ್ತಬಹುದು. ಅಮೆರಿಕದ ವೈದ್ಯ ಲಾಯ್ಡ್ ಮೈನರ್ ಮತ್ತು ಸಂಗಡಿಗರು ಈ ಕಾಯಿಲೆಯನ್ನು ವಿವರಿಸಿ ಬರೆದದ್ದು 1998ರಲ್ಲಿ. ಅದಕ್ಕೂ ಮುಂಚೆ ಹೀಗೆ ಹೇಳಿಕೊಂಡವರನ್ನು ಯಾರು ನಂಬಿದ್ದಾರು ಎಂದು ನೆನೆದರೆ ನನಗೆ ಸಂಕಟವಾಗುತ್ತದೆ.

ಮಿಡಿದರೆ ಕಂಪಿಸಿ ನಾದ ಹೊರಡಿಸುವ ಲೋಹದ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮಿಡಿದು ಅವನ ಕಾಲಿನ ಹರಡಿನ ಮೂಳೆಯ ಮೇಲೆ ಇಟ್ಟೆ. ‘ಕೇಳಿಸುತ್ತಿದೆ, ಎಡಗಿವಿಯಲ್ಲಿ’ ಎಂದ. ಪಕ್ಕದಲ್ಲಿದ್ದ ತಾಯಿ ಮಗನ ಮುಖವನ್ನೇ ನೋಡುತ್ತ ಕುಳಿತರು. ಸಿಟಿ ಸ್ಕ್ಯಾನ್ ಬಂದದ್ದು ಮರುದಿನ. ಎಡಗಿವಿಯ ಆ ನಾಳದ ಮೇಲೆ ಮೂಳೆ ಇರಲಿಲ್ಲ.

ನಮಸ್ಕಾರ.